ಹಳೆಯ ಎಲೆಕ್ಟ್ರಿಕ್ ಅಥವಾ ಹೈಬ್ರಿಡ್ ಕಾರನ್ನು ನೇರವಾಗಿ ಮಾರುವುದು ಹೇಗೆ

ಪೆಟ್ರೋಲ್ ಕಾರು ನೋಡಲು ಬಂದವರು ಬಾನೆಟ್ ತೆಗೆಸುತ್ತಾರೆ, ಎಂಜಿನ್ ಸದ್ದಿಗೆ ಕಿವಿಗೊಡುತ್ತಾರೆ, ಹೊಗೆಯ ಬಣ್ಣ ನೋಡುತ್ತಾರೆ. ಎಲೆಕ್ಟ್ರಿಕ್ ಕಾರಿನ ಮುಂದೆ ಈ ಯಾವ ವಿದ್ಯೆಯೂ ನಡೆಯುವುದಿಲ್ಲ. ಅವರ ತಲೆಯಲ್ಲಿ ಓಡುತ್ತಿರುವುದು ಒಂದೇ: ಬ್ಯಾಟರಿ ಎಷ್ಟು ಉಳಿದಿದೆ? ಉತ್ತರ ಸಿಗದಿದ್ದರೆ ಕೆಟ್ಟದ್ದನ್ನೇ ಊಹಿಸಿಕೊಂಡು ಬೆಲೆ ಕೇಳುತ್ತಾರೆ. ಡೀಲರ್ ಮಾಡುವುದೂ ಅದನ್ನೇ, ಗೊತ್ತಿಲ್ಲದ್ದನ್ನೆಲ್ಲ ನಷ್ಟದ ಕಡೆಗೇ ಬರೆದುಕೊಂಡು ಒಂದು ಮೊತ್ತ ಹೇಳುತ್ತಾನೆ. ನೇರವಾಗಿ ಮಾರಿದರೆ ಕೈಗೆ ಬರುವ ಹೆಚ್ಚಿನ ಹಣದಲ್ಲಿ ದೊಡ್ಡ ಪಾಲು ಈ ಅನುಮಾನವನ್ನು ಕಾಗದದ ಮೇಲೆ ಬಗೆಹರಿಸಿದ್ದಕ್ಕೆ ಸಿಗುವ ಕೂಲಿ. ಹಾಗಾಗಿ ಜಾಹೀರಾತು, ಫೋಟೋ, ಪಾಲಿಶ್ ಎಲ್ಲದಕ್ಕೂ ಮೊದಲು ಬ್ಯಾಟರಿಯ ಲೆಕ್ಕ ಕೈಯಲ್ಲಿರಲಿ.

ಬ್ಯಾಟರಿಯ ಆರೋಗ್ಯ ತೋರಿಸುವುದು

ಎಲ್ಲರೂ ಕೇಳುವ ಅಂಕಿಯ ಹೆಸರು ಸ್ಟೇಟ್ ಆಫ್ ಹೆಲ್ತ್, ಚುಟುಕಾಗಿ ಎಸ್‌ಒಎಚ್. ಹೊಸದಿದ್ದಾಗ ಬ್ಯಾಟರಿ ಹಿಡಿಯುತ್ತಿದ್ದ ವಿದ್ಯುತ್ತಿನಲ್ಲಿ ಈಗ ಶೇಕಡಾ ಎಷ್ಟು ಹಿಡಿಯುತ್ತದೆ ಎಂಬುದೇ ಇದು. ಡ್ಯಾಶ್‌ಬೋರ್ಡ್ ತೋರಿಸುವ "ಇನ್ನು ಇಷ್ಟು ಕಿಲೋಮೀಟರ್" ಎಂಬ ಅಂಕಿ ಇದಲ್ಲ. ಆ ಅಂಕಿ ಇತ್ತೀಚೆಗೆ ಗಾಡಿ ಓಡಿಸಿದ ರೀತಿಯನ್ನು ಆಧರಿಸಿದ ಅಂದಾಜು. ನಿನ್ನೆ ಹೆದ್ದಾರಿಯಲ್ಲಿ 110ರಲ್ಲಿ ಓಡಿಸಿದ್ದರೆ ಇವತ್ತು ಕಡಿಮೆ ತೋರಿಸುತ್ತದೆ, ವಾರವಿಡೀ ಊರೊಳಗೆ ನಿಧಾನಕ್ಕೆ ಓಡಾಡಿದ್ದರೆ ಹೆಚ್ಚು ತೋರಿಸುತ್ತದೆ. ಇದನ್ನೇ ಪುರಾವೆ ಎಂದು ಮುಂದಿಟ್ಟರೆ ವಿಷಯ ಬಲ್ಲ ಗಿರಾಕಿ ನಕ್ಕು ಸುಮ್ಮನಾಗುತ್ತಾನೆ.

ಎಸ್‌ಒಎಚ್ ಪಡೆಯಲು ಮೂರು ದಾರಿಗಳಿವೆ. ಮೊದಲನೆಯದು ಕಂಪನಿಯ ಅಧಿಕೃತ ಸರ್ವಿಸ್ ಸೆಂಟರ್‌ನಲ್ಲಿ ಬ್ಯಾಟರಿ ಪರೀಕ್ಷೆ ಮಾಡಿಸಿ ಮುದ್ರಿತ ವರದಿ ತೆಗೆದುಕೊಳ್ಳುವುದು. ಅವಿಲೂನಂಥ ಸ್ವತಂತ್ರ ಬ್ಯಾಟರಿ ಪರೀಕ್ಷಾ ಸಂಸ್ಥೆಗಳ ಪ್ರಮಾಣಪತ್ರಕ್ಕೂ ಇದೇ ತೂಕವಿದೆ. ಒಂದು ಉಪಕರಣ ಸಿಕ್ಕಿಸಿಕೊಂಡು, ತುಂಬಿದ ಬ್ಯಾಟರಿಯನ್ನು ಬಹುತೇಕ ಖಾಲಿಯಾಗುವವರೆಗೆ ಓಡಿಸಿ ಅಳೆಯುವ ಪರೀಕ್ಷೆಯೇ ಇವುಗಳಲ್ಲಿ ಹೆಚ್ಚು ನಂಬಿಕೆಗೆ ಅರ್ಹ. ಕೆಲವೇ ನಿಮಿಷಗಳಲ್ಲಿ ಮುಗಿಯುವ ಪರೀಕ್ಷೆ ಅಂದಾಜಿನ ಮಟ್ಟದ್ದು. ವರದಿಯ ಮೇಲೆ ಚಾಸಿ ನಂಬರ್, ಓಡೋಮೀಟರ್ ಓದು, ದಿನಾಂಕ ಮೂರೂ ಇರಬೇಕು. ಇಲ್ಲದಿದ್ದರೆ ಅದು ಯಾವ ಗಾಡಿಯ ವರದಿಯೋ ಯಾರಿಗೆ ಗೊತ್ತು. ಮೂರು ತಿಂಗಳಿಗಿಂತ ಹಳೆಯ ವರದಿಯನ್ನು ಒಪ್ಪದವರೂ ಇದ್ದಾರೆ.

ಎರಡನೆಯದು ಸ್ಟೀರಿಂಗ್ ಕೆಳಗಿನ, ಗಾಡಿಯ ಕಂಪ್ಯೂಟರಿನ ಮಾಹಿತಿ ಓದುವ ಒಬಿಡಿ ಸಾಕೆಟ್ಟಿಗೆ ಬ್ಲೂಟೂತ್ ಅಡಾಪ್ಟರ್ ಸಿಕ್ಕಿಸಿ ಫೋನಿನಲ್ಲಿ ಆ್ಯಪ್ ಮೂಲಕ ಓದುವುದು. ನಿಸಾನ್ ಲೀಫ್‌ಗೆ ಲೀಫ್ ಸ್ಪೈ, ಟೊಯೊಟಾ ಹೈಬ್ರಿಡ್‌ಗಳಿಗೆ ಡಾಕ್ಟರ್ ಪ್ರಿಯಸ್, ಇನ್ನೂ ಹಲವು ಗಾಡಿಗಳಿಗೆ ಕಾರ್ ಸ್ಕ್ಯಾನರ್ ಇವೆ. ಇಲ್ಲಿ ಒಂದು ಎಚ್ಚರ ಬೇಕು, ಎಲ್ಲ ಕಂಪನಿಗಳ ಎಸ್‌ಒಎಚ್ ಒಂದೇ ಅರ್ಥದ್ದಲ್ಲ. ಕೆಲವರು ಬ್ಯಾಟರಿಯಲ್ಲಿ ಬಚ್ಚಿಟ್ಟ ಸಾಮರ್ಥ್ಯದ ಒಂದು ಪದರ ಇಟ್ಟಿರುತ್ತಾರೆ, ಸವೆತ ಮೊದಲು ಆ ಪದರವನ್ನು ತಿನ್ನುತ್ತದೆ. ಹುಂಡೈ, ಕಿಯಾ ಗಾಡಿಗಳಲ್ಲಿ ಈ ಅಂಕಿ ವರ್ಷಗಟ್ಟಲೆ 100ರಲ್ಲೇ ಕೂತಿರುವುದು ಸಾಮಾನ್ಯ. ಲೀಫ್‌ನಲ್ಲಿ ಅಂಥ ಮುಲಾಜಿಲ್ಲ. ಡ್ಯಾಶ್‌ಬೋರ್ಡಿನ ಅಂಚಿನಲ್ಲೇ 12 ಗೆರೆಗಳಿದ್ದು, ಸುಮಾರು ಶೇ 15ರಷ್ಟು ಸವೆದಾಗ ಮೊದಲ ಗೆರೆ, ಆಮೇಲೆ ಸುಮಾರು ಶೇ 6ರಷ್ಟು ಸವೆದಂತೆಲ್ಲ ಒಂದೊಂದು ಗೆರೆ ಹೋಗುತ್ತದೆ. ಹಾಗಾಗಿ ಬೇರೆ ಕಂಪನಿಯ ಗಾಡಿಯ ಅಂಕಿಯೊಂದಿಗೆ ನಿಮ್ಮದನ್ನು ಹೋಲಿಸಿ ಜಂಬಪಡುವುದೂ ಬೇಡ, ಕೊರಗುವುದೂ ಬೇಡ.

ಹಳೆಯ ಲೀಫ್‌ಗಳಲ್ಲಿ ಬ್ಯಾಟರಿ ನಿಯಂತ್ರಕವನ್ನು ರೀಸೆಟ್ ಮಾಡಿ 12 ಗೆರೆ ಬರಿಸುವ ಮೋಸ ಹಿಂದಿನಿಂದಲೂ ಇದೆ. ಕೆಲವು ವಾರ ಓಡಿಸುವಷ್ಟರಲ್ಲಿ ಗೆರೆಗಳು ಮತ್ತೆ ತಮ್ಮ ನಿಜ ಮಟ್ಟಕ್ಕೆ ಇಳಿಯುತ್ತವೆ, ಮಾರಿದವರ ಮನೆ ಬಾಗಿಲಿಗೆ ಕೊಂಡವರು ಬರುತ್ತಾರೆ. ತಿಳಿದ ಗಿರಾಕಿ ಗೆರೆ ಎಣಿಸಿ ಸುಮ್ಮನಾಗದೆ ಆ್ಯಪ್‌ನಲ್ಲಿ ಫಾಸ್ಟ್ ಚಾರ್ಜ್ ಎಷ್ಟು ಸಲ, ಮನೆಯ ಚಾರ್ಜ್ ಎಷ್ಟು ಸಲ ಎಂಬ ಲೆಕ್ಕವನ್ನೂ ನೋಡುತ್ತಾರೆ. ಅದನ್ನು ನೀವೇ ಮೊದಲು ತೋರಿಸಿದರೆ ಮಾತು ಸಲೀಸಾಗುತ್ತದೆ.

ಮೂರನೆಯದಕ್ಕೆ ಯಾವ ಉಪಕರಣವೂ ಬೇಡ, ಟ್ರಿಪ್ ಮೀಟರ್ ಸಾಕು. ಬ್ಯಾಟರಿ ಶೇ 95ರಲ್ಲಿದ್ದಾಗ ಟ್ರಿಪ್ ಮೀಟರನ್ನು ಸೊನ್ನೆ ಮಾಡಿ. ಸಾಧ್ಯವಾದಷ್ಟು ಒಂದೇ ಓಟದಲ್ಲಿ ಶೇ 25ಕ್ಕೆ ಬರುವವರೆಗೆ ಓಡಿಸಿ. ಓಡಿದ್ದು 182 ಕಿ.ಮೀ., ಸರಾಸರಿ ಬಳಕೆ 100 ಕಿ.ಮೀ.ಗೆ 14.5 ಯೂನಿಟ್ (ಅಂದರೆ ಕಿಲೋವ್ಯಾಟ್-ಅವರ್, kWh) ಎಂದಿಟ್ಟುಕೊಳ್ಳೋಣ. ಅಂದರೆ ಖರ್ಚಾದದ್ದು 26.4 ಯೂನಿಟ್. ಇದು ಬ್ಯಾಟರಿಯ ಶೇ 70 ಭಾಗ, ಆದ್ದರಿಂದ ಪೂರ್ತಿ ಬ್ಯಾಟರಿ 26.4 ಭಾಗಿಸು 0.70, ಸುಮಾರು 37.7 ಯೂನಿಟ್. ಹೊಸದಿದ್ದಾಗ ಬಳಕೆಗೆ ಸಿಗುತ್ತಿದ್ದದ್ದು 40 ಯೂನಿಟ್ ಆಗಿದ್ದರೆ ಆರೋಗ್ಯ ಶೇ 94. ಭಾಗಿಸುವಾಗ ಬಳಕೆಗೆ ಸಿಗುವ ಸಾಮರ್ಥ್ಯವನ್ನೇ ತೆಗೆದುಕೊಳ್ಳಬೇಕು. ಬ್ರೋಷರ್‌ನಲ್ಲಿ ದೊಡ್ಡದಾಗಿ ಅಚ್ಚಾದ ಒಟ್ಟು ಸಾಮರ್ಥ್ಯ ತೆಗೆದುಕೊಂಡರೆ ನಿಮ್ಮ ಗಾಡಿಗೆ ನೀವೇ ಅನ್ಯಾಯ ಮಾಡಿಕೊಂಡಂತೆ. ಓಟದ ನಡುವೆ ಗಾಡಿ ನಿಲ್ಲಿಸಿ ಎಸಿ ಹಾಕಿಕೊಂಡು ಕೂರಬೇಡಿ. ಕೆಲವು ಗಾಡಿಗಳ ಸರಾಸರಿಯಲ್ಲಿ ನಿಂತಾಗಿನ ಖರ್ಚು ಸೇರುವುದಿಲ್ಲ. ಕೊರೆಯುವ ಚಳಿಯಲ್ಲೂ ಅಳೆಯಬೇಡಿ, ತಣ್ಣಗಿನ ಬ್ಯಾಟರಿ ತಾತ್ಕಾಲಿಕವಾಗಿ ಕಡಿಮೆ ಕೊಡುತ್ತದೆ, ಅದು ಸವೆತವಲ್ಲ.

ಗೋಡೆಯ ಕಡೆಯಿಂದ ಮೀಟರ್ ಹಾಕಿ ಅಳೆಯುವವರೂ ಇದ್ದಾರೆ. ಆದರೆ ಚಾರ್ಜ್ ಆಗುವಾಗ ಶೇ 10ರಿಂದ 15ರಷ್ಟು, ಸಣ್ಣ ಪ್ಲಗ್‌ನ ನಿಧಾನ ಚಾರ್ಜಿಂಗ್‌ನಲ್ಲಿ ಇನ್ನೂ ಹೆಚ್ಚು, ಬಿಸಿಯಾಗಿ ಸೋರಿಹೋಗುತ್ತದೆ. ಸೋರಿಕೆ ಇಷ್ಟೇ ಎಂದು ಖಚಿತವಾಗಿ ಹೇಳಲಾಗದ ಮೇಲೆ ಆರೋಗ್ಯವೂ ಖಚಿತವಲ್ಲ. ಟ್ರಿಪ್ ಮೀಟರ್ ಲೆಕ್ಕ ಇದಕ್ಕಿಂತ ವಾಸಿ.

ಅಳೆಯುವ ಮೊದಲು ಬ್ಯಾಟರಿ ಯಾವ ಜಾತಿಯದ್ದು ಎಂದು ತಿಳಿದುಕೊಳ್ಳಿ. ಎಲ್‌ಎಫ್‌ಪಿ, ಅಂದರೆ ಲಿಥಿಯಂ ಐರನ್ ಫಾಸ್ಫೇಟ್ ಆಗಿದ್ದರೆ ಶೇ 30ರಲ್ಲೂ ಶೇ 70ರಲ್ಲೂ ಸೆಲ್‌ನ ವೋಲ್ಟೇಜ್ ಹೆಚ್ಚುಕಡಿಮೆ ಒಂದೇ ಇರುತ್ತದೆ. ಹೀಗಾಗಿ ಗಾಡಿಯ ಕಂಪ್ಯೂಟರ್ ಶೇಕಡಾ ಲೆಕ್ಕದಲ್ಲಿ ನಿಧಾನವಾಗಿ ದಾರಿ ತಪ್ಪುತ್ತದೆ. ವಾರಗಟ್ಟಲೆ ಅರ್ಧಂಬರ್ಧ ಚಾರ್ಜ್ ಮಾಡುತ್ತಾ ಬಂದಿದ್ದರೆ ಎರಡು ಮೂರು ಸಲ ಪೂರ್ತಿ 100ಕ್ಕೆ ಚಾರ್ಜ್ ಮಾಡಿ, ತುಂಬಿದ ಮೇಲೂ ಒಂದೆರಡು ಗಂಟೆ ಕೇಬಲ್ ಹಾಗೇ ಬಿಡಿ. ಆಮೇಲೆ ಅಳೆದರೆ ಅಂಕಿ ನಂಬಬಹುದು. ನಿಕಲ್ ಆಧಾರಿತ ಎನ್‌ಎಂಸಿ ಬ್ಯಾಟರಿಗೆ ಇದರ ಉಲ್ಟಾ, ಮಾರಾಟಕ್ಕೆ ನಿಲ್ಲಿಸಿರುವ ದಿನಗಳಲ್ಲಿ ಶೇ 50ರಿಂದ 60ರ ಸುತ್ತ ಇಟ್ಟು, ಗಿರಾಕಿ ಬರುವ ಹಿಂದಿನ ರಾತ್ರಿ 80ಕ್ಕೆ ಏರಿಸಿದರೆ ಸಾಕು. 100ರಲ್ಲಿ ತಿಂಗಳುಗಟ್ಟಲೆ, ಅದೂ ಬಿಸಿಲಿನಲ್ಲಿ ನಿಲ್ಲಿಸಬಾರದು.

ಅಂಕಿ ಶೇ 90ಕ್ಕಿಂತ ಕೆಳಗೆ ಬಂತೆಂದು ಗಾಬರಿ ಬೇಡ. ಮೊದಲ ಒಂದೆರಡು ವರ್ಷ ಸವೆತ ಜೋರಾಗಿದ್ದು ಆಮೇಲೆ ನಿಧಾನವಾಗುವುದು ಲಿಥಿಯಂ ಬ್ಯಾಟರಿಯ ಸ್ವಭಾವ. ಗಿರಾಕಿಗೆ ಇದನ್ನು ಹೇಳಿ, ಆದರೆ ಕೈಯಲ್ಲಿ ಎರಡು ಬೇರೆ ಬೇರೆ ವರ್ಷಗಳ ಓದು ಇದ್ದರೆ ಅದೇ ನಿಮಗಿಂತ ಚೆನ್ನಾಗಿ ಮಾತಾಡುತ್ತದೆ.

ವಾರಂಟಿ, ರೀಕಾಲ್, ಬಾಡಿಗೆ ಬ್ಯಾಟರಿ

ಬಹುತೇಕ ಕಂಪನಿಗಳು ಬ್ಯಾಟರಿಗೆ 8 ವರ್ಷ ಅಥವಾ 1,60,000 ಕಿ.ಮೀ., ಯಾವುದು ಮೊದಲೋ ಅಲ್ಲಿಯವರೆಗೆ ವಾರಂಟಿ ಕೊಡುತ್ತವೆ. ಆ ಅವಧಿಯೊಳಗೆ ಸಾಮರ್ಥ್ಯ ಶೇ 70ಕ್ಕಿಂತ ಇಳಿದರೆ ದುರಸ್ತಿ ಅಥವಾ ಬದಲಿ. ನಿಮ್ಮ ಗಾಡಿಯ ಷರತ್ತು ಬೇರೆಯಿರಬಹುದು, ವಾರಂಟಿ ಪುಸ್ತಕ ತೆಗೆದು ಓದಿ. ಅವಧಿ ಶುರುವಾಗುವುದು ಮಾಡೆಲ್ ವರ್ಷದಿಂದ ಅಲ್ಲ, ಮೊದಲು ಡೆಲಿವರಿಯಾದ ಅಥವಾ ನೋಂದಣಿಯಾದ ದಿನದಿಂದ. ಷೋರೂಮಿನಲ್ಲಿ ಆರು ತಿಂಗಳು ನಿಂತಿದ್ದ ಗಾಡಿಗೆ ಇದರಿಂದ ಆರು ತಿಂಗಳು ಲಾಭ. ಎರಡನೇ ಮಾಲೀಕರಿಗೆ ವಾರಂಟಿ ದಾಟುತ್ತದೆಯೇ ಎಂಬುದನ್ನು ಮುಖ್ಯವಾಗಿ ನೋಡಿ. ಸಾಮಾನ್ಯ ವಾರಂಟಿ ಗಾಡಿಯ ಜೊತೆ ಹೋಗುತ್ತದೆ, ಆದರೆ "ಜೀವಮಾನ ವಾರಂಟಿ" ಎಂಬ ಜಾಹೀರಾತಿನ ಮಾತು ಎಷ್ಟೋ ಕಡೆ ಮೊದಲ ಮಾಲೀಕರಿಗೆ ಮಾತ್ರ. ಸರ್ವಿಸ್ ತಪ್ಪಿಸಿದ್ದರೆ ವಾರಂಟಿಗೆ ತಗಾದೆ ಬರುವ ಷರತ್ತುಗಳೂ ಇರುತ್ತವೆ. ಹಾಗಿದ್ದರೆ ಬಾಕಿ ಸರ್ವಿಸ್ ಮಾಡಿಸಿಯೇ ಮಾರಾಟಕ್ಕಿಡಿ.

ಚಾಸಿ ನಂಬರ್ ಹಾಕಿ ಕಂಪನಿಯ ತಾಣದಲ್ಲಿ ರೀಕಾಲ್, ಅಂದರೆ ದೋಷ ಸರಿಪಡಿಸಲು ಕಂಪನಿ ವಾಪಸು ಕರೆದದ್ದು, ಬಾಕಿ ಇದೆಯೇ ನೋಡಿ. 2021ರಲ್ಲಿ ಷೆವ್ರೊಲೆ ಬೋಲ್ಟ್ ಮತ್ತು ಹುಂಡೈ ಕೋನಾ ಎಲೆಕ್ಟ್ರಿಕ್ ಗಾಡಿಗಳನ್ನು ಬೆಂಕಿಯ ಅಪಾಯದ ಕಾರಣ ದೊಡ್ಡ ಪ್ರಮಾಣದಲ್ಲಿ ವಾಪಸು ಕರೆಸಿ ಬ್ಯಾಟರಿ ಬದಲಿಸಿದ್ದು ಕೊಳ್ಳುವವರಿಗೆಲ್ಲ ನೆನಪಿದೆ. ಅಂಥ ಗಾಡಿಯಾಗಿದ್ದು ಬ್ಯಾಟರಿ ಬದಲಾಗಿದ್ದರೆ ಮುಚ್ಚಿಡಬೇಡಿ, ದೊಡ್ಡದಾಗಿ ಬರೆಯಿರಿ. ಹಳೆಯ ಗಾಡಿಯಲ್ಲಿ ಹೊಸ ಬ್ಯಾಟರಿ ಎಂದರೆ ಅದಕ್ಕಿಂತ ಒಳ್ಳೆಯ ಮಾರಾಟದ ಮಾತಿಲ್ಲ. ಬದಲಾದ ದಿನದ ಸರ್ವಿಸ್ ಸೆಂಟರ್ ಜಾಬ್ ಕಾರ್ಡ್ ಮಾತ್ರ ಕೈಯಲ್ಲಿರಬೇಕು.

ಮೊದಲ ತಲೆಮಾರಿನ ರೆನೊ ಜೋಯ್‌ನಂಥ ಕೆಲವು ಗಾಡಿಗಳಲ್ಲಿ ಕಾರು ಮಾಲೀಕರದ್ದು, ಬ್ಯಾಟರಿ ಬಾಡಿಗೆಯದ್ದು. ಈಗಲೂ ಬ್ಯಾಟರಿಯನ್ನು ಪ್ರತ್ಯೇಕ ಚಂದಾದಲ್ಲಿ ಕೊಡುವ ಕಂಪನಿಗಳಿವೆ. ನಿಮ್ಮದು ಅಂಥದ್ದಾದರೆ ಬ್ಯಾಟರಿಯನ್ನು ಪೂರ್ತಿ ಕೊಂಡು ಮಾರಬೇಕು, ಇಲ್ಲವೇ ಕರಾರನ್ನು ಹೊಸಬರ ಹೆಸರಿಗೆ ಬದಲಿಸಲು ಬ್ಯಾಟರಿ ಕಂಪನಿಯ ಲಿಖಿತ ಒಪ್ಪಿಗೆ ಬೇಕು. ಇದು ಬಗೆಹರಿಯದೆ ಹಣ ಪಡೆದರೆ ತಿಂಗಳ ಬಿಲ್ಲು ನಿಮ್ಮ ಹೆಸರಿಗೇ ಬರುತ್ತಿರುತ್ತದೆ. ಗಾಡಿಯ ಮೇಲೆ ಸಾಲ ಇದ್ದರೂ ಅಷ್ಟೇ, ಬಾಕಿ ಎಷ್ಟು ಎಂಬ ಪತ್ರ ಮೊದಲೇ ತರಿಸಿಡಿ. ಕೊಳ್ಳುವಾಗ ಸರ್ಕಾರದ ಸಹಾಯಧನ ಪಡೆದಿದ್ದರೆ ಇಂತಿಷ್ಟು ಕಾಲ ಮಾರಬಾರದೆಂಬ ಷರತ್ತು ಇತ್ತೇ ಎಂದೂ ನೋಡಿ.

ಹೈಬ್ರಿಡ್ ಆದರೆ

ಮೊದಲು ಯಾವ ಹೈಬ್ರಿಡ್ ಎಂದು ಸರಿಯಾಗಿ ಹೇಳಿ. 48 ವೋಲ್ಟಿನ ಮೈಲ್ಡ್ ಹೈಬ್ರಿಡ್ ಎಂಜಿನ್ನಿಗೆ ಕೈಜೋಡಿಸುತ್ತದೆ ಅಷ್ಟೇ, ಬರೀ ಕರೆಂಟಿನಲ್ಲಿ ಗಾಡಿ ಎಳೆಯುವ ಶಕ್ತಿ ಸಾಮಾನ್ಯವಾಗಿ ಅದಕ್ಕಿಲ್ಲ. ಅದನ್ನು ಸುಮ್ಮನೆ "ಹೈಬ್ರಿಡ್" ಎಂದು ಹಾಕಿದರೆ ಬಂದವರು ಬೈದುಕೊಂಡು ಹೋಗುತ್ತಾರೆ. ಬ್ಯಾಟರಿಯನ್ನು ತಾನೇ ತುಂಬಿಕೊಂಡು ಸ್ವಲ್ಪ ದೂರ ಕರೆಂಟಿನಲ್ಲೇ ಓಡುವ ಫುಲ್ ಹೈಬ್ರಿಡ್, ಗೋಡೆಯಿಂದ ಚಾರ್ಜ್ ಮಾಡುವ ಪ್ಲಗ್-ಇನ್ ಹೈಬ್ರಿಡ್ ಎರಡೂ ಬೇರೆ.

ಫುಲ್ ಹೈಬ್ರಿಡ್‌ನಲ್ಲಿ ಬ್ಯಾಟರಿ ಚಿಕ್ಕದು, ಆದರೆ ದಿನವಿಡೀ ತುಂಬುತ್ತಾ ಖಾಲಿಯಾಗುತ್ತಾ ಇರುತ್ತದೆ. ಅದನ್ನು ಕೊಲ್ಲುವುದು ಬಿಸಿ. ಪ್ರಿಯಸ್‌ನಂಥ ಗಾಡಿಗಳಲ್ಲಿ ಬ್ಯಾಟರಿ ತಣಿಸುವ ಗಾಳಿ ಒಳಹೋಗುವ ಕಿಂಡಿ ಹಿಂದಿನ ಸೀಟಿನ ಪಕ್ಕದಲ್ಲಿದೆ. ಧೂಳು, ನಾಯಿಯ ಕೂದಲು, ಸೀಟಿನ ಮೇಲೆ ಹಾಸಿದ ಬಟ್ಟೆಯ ನಾರು ಅಲ್ಲಿ ಗೂಡು ಕಟ್ಟುತ್ತವೆ. ಮಾರುವ ಮೊದಲು ಜಾಲರಿ ಬಿಚ್ಚಿ, ಫಿಲ್ಟರ್ ಇದ್ದರೆ ತೊಳೆದು ಒಣಗಿಸಿ ಅಥವಾ ಬದಲಿಸಿ. ಫ್ಯಾನ್ ಸದಾ ಜೋರಾಗಿ ಕೂಗುತ್ತಿದ್ದರೆ ಫ್ಯಾನಿನ ರೆಕ್ಕೆಗಳೂ ಕಟ್ಟಿವೆ ಎಂದರ್ಥ, ಅದನ್ನು ಮೆಕ್ಯಾನಿಕ್ ಕೈಯಲ್ಲಿ ಮಾಡಿಸಿ. ಕಿತ್ತಳೆ ಬಣ್ಣದ ಕೇಬಲ್‌ಗಳು ಹೈ ವೋಲ್ಟೇಜಿನವು, ಅವುಗಳ ಹತ್ತಿರ ನಿಮ್ಮ ಸ್ಪ್ಯಾನರ್ ಹೋಗಬಾರದು. ಎರಡನೇ ಮತ್ತು ಮೂರನೇ ತಲೆಮಾರಿನ ಪ್ರಿಯಸ್‌ನಲ್ಲಿ ಸೆಲ್ಲುಗಳ ಕಟ್ಟುಗಳಾದ 28 ಮಾಡ್ಯೂಲ್‌ಗಳ 201.6 ವೋಲ್ಟಿನ ನಿಕಲ್ ಬ್ಯಾಟರಿ ಇದೆ. ಸ್ಕ್ಯಾನ್ ಮಾಡಿ ಮಾಡ್ಯೂಲ್‌ಗಳ ವೋಲ್ಟೇಜ್ ನೋಡಿದಾಗ ಒಂದೆರಡು ಮಾತ್ರ ಉಳಿದವುಗಳಿಂದ ಎದ್ದು ಬೇರೆಯಾಗಿ ಕಂಡರೆ ಅವು ಹೋಗುವ ದಾರಿಯಲ್ಲಿವೆ.

ಸ್ಕ್ಯಾನರಿನಲ್ಲಿ ಪಿ0ಎ80 (P0A80) ಎಂಬ ದೋಷದ ಕೋಡ್ ಬಂದಿದ್ದರೆ ಹೈಬ್ರಿಡ್ ಬ್ಯಾಟರಿ ಮುಗಿಯುತ್ತಿದೆ ಎಂದು. ಅದನ್ನು ಅಳಿಸಿ ಗಾಡಿ ತೋರಿಸುವ ಯೋಚನೆ ಬೇಡ. ಕೋಡ್ ಅಳಿಸಿದಾಗ ಎಂಜಿನ್ನಿನ ಸ್ವಯಂ ಪರೀಕ್ಷೆಗಳ ದಾಖಲೆಯೂ ಅಳಿಸಿ "ಇನ್ನೂ ಪೂರ್ಣಗೊಂಡಿಲ್ಲ" ಎಂದು ತೋರಿಸುತ್ತದೆ. ಗಿರಾಕಿಯ ಮೆಕ್ಯಾನಿಕ್ ಸ್ಕ್ಯಾನರ್ ಹಾಕಿದ ಅರ್ಧ ನಿಮಿಷದಲ್ಲಿ ಅದನ್ನು ಹಿಡಿಯುತ್ತಾನೆ, ಆಮೇಲೆ ನೀವು ಹೇಳುವ ಯಾವ ಮಾತಿಗೂ ಬೆಲೆಯಿಲ್ಲ. ಕೆಟ್ಟಿದ್ದರೆ ರಿಪೇರಿಯ ಅಂದಾಜು ಪಟ್ಟಿ ತರಿಸಿ, ಅಷ್ಟು ಕಳೆದು ಬೆಲೆ ಹೇಳಿ.

ಪ್ಲಗ್-ಇನ್ ಹೈಬ್ರಿಡ್‌ಗೆ ಒಂದು ಸರಳ ಪರೀಕ್ಷೆ ಇದೆ. ಪೂರ್ತಿ ಚಾರ್ಜ್ ಮಾಡಿ, ಹೀಟರ್ ಆರಿಸಿ, ಎಲೆಕ್ಟ್ರಿಕ್ ಮೋಡ್ ಒತ್ತಿ, ಎಂಜಿನ್ ತಾನಾಗಿ ಶುರುವಾಗುವವರೆಗೆ ಓಡಿದ ದೂರ ಬರೆದಿಡಿ. ಹೀಟರ್ ಹಾಕಿದ್ದರೆ ಎಷ್ಟೋ ಗಾಡಿಗಳಲ್ಲಿ ಬಿಸಿಗಾಗಿಯೇ ಎಂಜಿನ್ ಏಳುತ್ತದೆ, ಲೆಕ್ಕ ಹಾಳು. ತಿಂಗಳುಗಟ್ಟಲೆ ಕರೆಂಟಿನಲ್ಲೇ ಓಡಿಸಿದ್ದರೆ ಟ್ಯಾಂಕಿನ ಪೆಟ್ರೋಲ್ ಹಳಸಿರುತ್ತದೆ. ಅದನ್ನು ಖರ್ಚು ಮಾಡಿ ಹೊಸದು ಹಾಕಿಸಿ. ಎಂಜಿನ್ ಆಯಿಲ್ ಕಿಲೋಮೀಟರ್ ಆಗಿಲ್ಲವೆಂದು ಬಿಟ್ಟಿದ್ದರೂ ಕಾಲದ ಲೆಕ್ಕದಲ್ಲಿ ಬದಲಿಸಿ ಬಿಲ್ಲು ಇಟ್ಟುಕೊಳ್ಳಿ.

ತೋರಿಸುವ ಮುನ್ನ ಸರಿಮಾಡಬೇಕಾದ ನಾಲ್ಕು ಜಾಗ

12 ವೋಲ್ಟಿನ ಚಿಕ್ಕ ಬ್ಯಾಟರಿ. ದೊಡ್ಡ ಬ್ಯಾಟರಿ ತುಂಬಿ ತುಳುಕುತ್ತಿದ್ದರೂ ಇದು ಸತ್ತರೆ ಬಾಗಿಲೂ ತೆಗೆಯುವುದಿಲ್ಲ, ಗಾಡಿಯೂ ಏಳುವುದಿಲ್ಲ. ಗಿರಾಕಿಯ ಎದುರು ಹೀಗಾದರೆ ವ್ಯಾಪಾರ ಅಲ್ಲಿಗೇ ಮುಗಿಯಿತು. ಲೆಡ್ ಆ್ಯಸಿಡ್ ಬ್ಯಾಟರಿಯಾದರೆ ಕೆಲವು ಗಂಟೆ ಗಾಡಿ ಸುಮ್ಮನಿದ್ದ ಮೇಲೆ 12.6 ವೋಲ್ಟ್ ಇರಬೇಕು. 12.2ಕ್ಕೆ ಇಳಿದಿದ್ದರೆ ಅರ್ಧ ಖಾಲಿ. ಗಾಡಿ ಆನ್ ಆಗಿ ಹೊರಡಲು ರೆಡಿಯಲ್ಲಿದ್ದಾಗ 13.5ರಿಂದ 14.5ರ ನಡುವೆ ಬಂದರೆ ಅದನ್ನು ಚಾರ್ಜ್ ಮಾಡುವ ಡಿಸಿ ಕನ್ವರ್ಟರ್ ಸರಿಯಿದೆ. ನಾಲ್ಕೈದು ವರ್ಷ ಆಗಿದ್ದರೆ ಬದಲಿಸಿಬಿಡಿ, ದೊಡ್ಡ ಖರ್ಚಲ್ಲ. ಇನ್ನೊಂದು ಮಾತು, ಮಾರಾಟಕ್ಕಿಟ್ಟ ಗಾಡಿಯನ್ನು ಫೋನ್ ಆ್ಯಪ್‌ನಲ್ಲಿ ಮತ್ತೆ ಮತ್ತೆ ತೆರೆದು ನೋಡಿದಾಗಲೆಲ್ಲ ಗಾಡಿಯ ಕಂಪ್ಯೂಟರ್‌ಗಳು ನಿದ್ದೆಯಿಂದ ಏಳುತ್ತವೆ, ಚಿಕ್ಕ ಬ್ಯಾಟರಿ ಕರಗುತ್ತದೆ. ಒಬಿಡಿ ಅಡಾಪ್ಟರನ್ನು ಸಿಕ್ಕಿಸಿಯೇ ಬಿಟ್ಟರೂ ಇದೇ ಕಥೆ.

ಬ್ರೇಕ್ ಡಿಸ್ಕ್. ನಿಧಾನಿಸುವಾಗ ಮೋಟಾರೇ ಗಾಡಿ ತಡೆದು ಕರೆಂಟನ್ನು ಬ್ಯಾಟರಿಗೆ ವಾಪಸು ಕಳಿಸುವ ರೀಜೆನ್ ಬ್ರೇಕಿಂಗ್ ಇರುವುದರಿಂದ ನಿಜವಾದ ಬ್ರೇಕಿಗೆ ಕೆಲಸ ಕಡಿಮೆ. ಪ್ಯಾಡ್ ಸವೆದಿರುವುದಿಲ್ಲ, ಡಿಸ್ಕ್ ಮಾತ್ರ ತುಕ್ಕು ಹಿಡಿದು ಕೆಂಪಾಗಿರುತ್ತದೆ. ಚಕ್ರದ ಸಂದಿಯಿಂದ ಅದು ಸ್ಪಷ್ಟವಾಗಿ ಕಾಣುತ್ತದೆ. ಬ್ಯಾಟರಿ ಪೂರ್ತಿ 100ರಲ್ಲಿದ್ದಾಗ ಓಡಿಸಿದರೆ ವಾಪಸು ಬರುವ ಕರೆಂಟಿಗೆ ಜಾಗವಿರುವುದಿಲ್ಲ, ರೀಜೆನ್ ತಗ್ಗಿ ಡಿಸ್ಕಿಗೆ ಕೆಲಸ ಸಿಗುತ್ತದೆ. ಹಿಂದೆ ಮುಂದೆ ಗಾಡಿಗಳಿಲ್ಲದ ರಸ್ತೆಯಲ್ಲಿ 60ರಿಂದ ಐದಾರು ಸಲ ಗಟ್ಟಿಯಾಗಿ ಬ್ರೇಕ್ ಒತ್ತಿದರೆ ಮೇಲಿನ ತುಕ್ಕು ಹೋಗುತ್ತದೆ. ಡಿಸ್ಕಿನಲ್ಲಿ ಗುಳಿ ಬಿದ್ದಿದ್ದರೆ, ಅಥವಾ ಕ್ಯಾಲಿಪರ್ ಪಿನ್ ಹಿಡಿದುಕೊಂಡು ಒಂದು ಚಕ್ರ ಮಾತ್ರ ಬಿಸಿಯಾಗುತ್ತಿದ್ದರೆ ಗ್ಯಾರೇಜಿನ ಕೆಲಸ.

ಟೈರ್. ಭಾರ ಹೆಚ್ಚು, ಒತ್ತಿದ ತಕ್ಷಣದ ಎಳೆತವೂ ಹೆಚ್ಚು, ಹಾಗಾಗಿ ಡ್ರೈವ್ ಚಕ್ರಗಳ ಟೈರ್ ಬೇಗ ಬೋಳಾಗುತ್ತದೆ. ಹೊಸದು ಹಾಕಿಸುವುದಾದರೆ ಗಾಡಿಗೆ ಹೇಳಿದ, ಟೈರ್ ಹೊರಬಲ್ಲ ಭಾರದ ಅಂಕಿಯಾದ ಲೋಡ್ ಇಂಡೆಕ್ಸ್‌ಗಿಂತ ಕಡಿಮೆಯದ್ದು ಹಾಕಬೇಡಿ. ಟೈರ್ ಪಕ್ಕದ ನಾಲ್ಕು ಅಂಕಿ ತಯಾರಾದ ವಾರ ಮತ್ತು ವರ್ಷ ಹೇಳುತ್ತವೆ, 2322 ಎಂದರೆ 2022ರ 23ನೇ ವಾರ. ಗಿರಾಕಿಗಳು ಅದನ್ನು ಓದುತ್ತಾರೆ.

ಚಾರ್ಜಿಂಗ್ ಪೋರ್ಟ್ ಮತ್ತು ಗಾಡಿಯ ತಳ. ಪೋರ್ಟಿನ ಪಿನ್‌ಗಳು ಕಪ್ಪಾಗಿ ಸುಟ್ಟಂತಿದ್ದರೆ ಕಾರಣ ಹುಡುಕಿಸಿ. ಬರೀ ಧೂಳಾದರೆ ಒಣ ಬ್ರಷ್ ಸಾಕು, ನೀರಿನ ಜೆಟ್ ಹಿಡಿಯಬೇಡಿ. ತಳ ಇನ್ನೂ ಮುಖ್ಯ. ಬ್ಯಾಟರಿಯ ಪೆಟ್ಟಿಗೆ ಇರುವುದು ಅಲ್ಲೇ. ಉಬ್ಬುಗಳಿಗೆ ತಾಗಿ ಗೀಚಿದ ಗೆರೆ ಒಂದು, ಲೋಹ ಒಳಗೆ ತಗ್ಗಿ ಹೋದ ಪೆಟ್ಟು ಇನ್ನೊಂದು. ಎರಡನೆಯದಿದ್ದರೆ ವಾರಂಟಿಯನ್ನೇ ಕಂಪನಿ ನಿರಾಕರಿಸಬಹುದು. ಗಾಡಿಯನ್ನು ಲಿಫ್ಟ್‌ಗೆ ಏರಿಸಿ, ಬೆಳಕು ಬಿಟ್ಟು, ಪೆಟ್ಟಿಗೆಯ ನಾಲ್ಕು ಮೂಲೆ ಮತ್ತು ನಡುವಿನ ಫೋಟೋ ತೆಗೆದಿಡಿ. ಈ ಐದು ಫೋಟೋ ಹಾಕುವ ಮಾರಾಟಗಾರರು ತೀರಾ ಕಡಿಮೆ, ಅದಕ್ಕೇ ಅವುಗಳಿಗೆ ಬೆಲೆ.

ಬೆಲೆ ಮತ್ತು ಜಾಹೀರಾತು

ಬೆಲೆ ಹೋಲಿಸುವಾಗ ಒಂದೇ ಹೆಸರಿನ ಗಾಡಿ ಎಂದರೆ ಸಾಲದು. ಬ್ಯಾಟರಿ ಗಾತ್ರ, ಕಡಿಮೆ ಕರೆಂಟಿನಲ್ಲಿ ಒಳಗೆ ಬಿಸಿ ಮಾಡುವ ಹೀಟ್ ಪಂಪ್ ಇದೆಯೇ, ಮನೆಯ ಎಸಿ ಕರೆಂಟ್ ತೆಗೆದುಕೊಳ್ಳುವ ಒಳಗಿನ ಚಾರ್ಜರ್ 3.3, 7.4 ಅಥವಾ 11 ಕಿಲೋವ್ಯಾಟಿನದ್ದೇ, ಫಾಸ್ಟ್ ಚಾರ್ಜಿಂಗ್ ಪೋರ್ಟ್ ಇದೆಯೇ, ಇದ್ದರೆ ಅದರ ಪ್ಲಗ್ ಮಾದರಿ ಸಿಸಿಎಸ್ಸೋ ಚಾಡೆಮೊವೋ, ಇಷ್ಟೂ ಹೊಂದಬೇಕು. ಹೊಸ ಗಾಡಿಯ ಬೆಲೆಯನ್ನೂ ನೋಡಿ. ಕಂಪನಿ ಹೊಸದರ ಬೆಲೆ ಇಳಿಸಿದ ವಾರವೇ ಹಳೆಯದೂ ಇಳಿಯುತ್ತದೆ. ನೀವು ಕೊಂಡಾಗ ಎಷ್ಟು ಕೊಟ್ಟಿರಿ ಎಂಬುದು ಗಿರಾಕಿಗೆ ಸಂಬಂಧವಿಲ್ಲದ ವಿಷಯ. ಹೊಸ ಮಾಡೆಲ್ ಬರುವ ಸುದ್ದಿ ಇದ್ದರೆ ಅದಕ್ಕೆ ಮೊದಲೇ ಮಾರುವುದು ಜಾಣತನ. ಕೇಳಿದ ಬೆಲೆಗಳಲ್ಲ, ತಿಂಗಳಾದರೂ ಮಾರಾಟವಾಗದೆ ಉಳಿದ ಗಾಡಿಗಳನ್ನು ಗಮನಿಸಿ, ಅವುಗಳಿಗಿಂತ ಕೆಳಗೆ ನಿಮ್ಮ ಬೆಲೆ ಇರಬೇಕು.

ಜಾಹೀರಾತು ಹೀಗಿರಬಹುದು:

"ಮೊದಲ ನೋಂದಣಿ ಮಾರ್ಚ್ 2021, ಒಬ್ಬರೇ ಮಾಲೀಕರು, 48,300 ಕಿ.ಮೀ. ಬಳಕೆಗೆ ಸಿಗುವ ಬ್ಯಾಟರಿ 40 ಯೂನಿಟ್, ಎಸ್‌ಒಎಚ್ ಶೇ 94, ಸರ್ವಿಸ್ ಸೆಂಟರ್ ವರದಿ ಕಳೆದ ತಿಂಗಳಿನದ್ದು, ಫೋಟೋ ಇದೆ. ಬ್ಯಾಟರಿ ವಾರಂಟಿ ಮಾರ್ಚ್ 2029 ಅಥವಾ 1,60,000 ಕಿ.ಮೀ.ವರೆಗೆ, ಹೊಸ ಮಾಲೀಕರಿಗೆ ದಾಟುತ್ತದೆ. 7.4 ಕಿಲೋವ್ಯಾಟ್ ಎಸಿ ಚಾರ್ಜರ್, ಸಿಸಿಎಸ್ 2 ಫಾಸ್ಟ್ ಚಾರ್ಜಿಂಗ್. ಹೆಚ್ಚಾಗಿ ಮನೆಯಲ್ಲೇ ಶೇ 80ರವರೆಗೆ ಚಾರ್ಜ್. ಬೆಚ್ಚಗಿನ ದಿನ ಊರೊಳಗೆ 250, ಹೆದ್ದಾರಿಯಲ್ಲಿ 100ರ ವೇಗದಲ್ಲಿ 200 ಕಿ.ಮೀ. ಬರುತ್ತದೆ. ಮುಂದಿನ ಎರಡು ಟೈರ್ 2024ರವು, ಹಿಂದಿನವು ಬದಲಿಸಬೇಕು. ಎಡ ಹಿಂಬಾಗಿಲಿನಲ್ಲಿ ಗೀಚು, ಫೋಟೋ ಇದೆ. ಎರಡು ಕೀ, ಪೋರ್ಟಬಲ್ ಚಾರ್ಜರ್, ಟೈಪ್ 2 ಕೇಬಲ್ ಸೇರಿ. ಗೋಡೆಯ ಚಾರ್ಜರ್ ಸೇರಿಲ್ಲ."

ಇದರಲ್ಲಿ "ಸೂಪರ್ ಕಂಡೀಷನ್" ಎಂಬ ಮಾತೇ ಇಲ್ಲ, ಬೇಕಾಗಿಯೂ ಇಲ್ಲ. ಕಂಪನಿ ಪರೀಕ್ಷೆಯಲ್ಲಿ ಬಂದ ರೇಂಜ್ ಬರೆಯಬೇಡಿ, ನಿಮಗೆ ಬಂದದ್ದು ಬರೆಯಿರಿ. ಕೇಬಲ್‌ಗಳ ವಿಷಯ ಬಿಡಬೇಡಿ. ಗಾಡಿಯ ಜೊತೆ ಬಂದ ಪೋರ್ಟಬಲ್ ಚಾರ್ಜರ್ ಕಳೆದುಹೋಗಿದ್ದರೆ ಕೊಳ್ಳುವವರು ಅದರ ಹಣವನ್ನು ಕಳೆದೇ ಕೊಡುತ್ತಾರೆ. ಉಚಿತ ಚಾರ್ಜಿಂಗ್, ಚಂದಾ ಕಟ್ಟಿ ತೆರೆಸಿದ ಸಾಫ್ಟ್‌ವೇರ್ ಸೌಲಭ್ಯಗಳು ಗಾಡಿಗೆ ಅಂಟಿದವೋ ನಿಮ್ಮ ಅಕೌಂಟಿಗೆ ಅಂಟಿದವೋ ಎಂದು ಕಂಪನಿಯಿಂದ ಬರಹದಲ್ಲಿ ಕೇಳಿಕೊಂಡ ಮೇಲೆ ಮಾತ್ರ ಜಾಹೀರಾತಿಗೆ ಸೇರಿಸಿ.

ನೋಡಲು ಬಂದಾಗ

ಬ್ಯಾಟರಿ ಶೇ 70ರಿಂದ 80ರಲ್ಲಿರಲಿ. ಫಾಸ್ಟ್ ಚಾರ್ಜಿಂಗ್ ಪರೀಕ್ಷಿಸಬೇಕೆಂದು ಕೇಳುವವರಿಗೆ ಮೊದಲೇ ವಿವರಿಸಿ: ಶೇ 80ರ ಮೇಲೆ ಯಾವ ಗಾಡಿಯೂ ನಿಧಾನವಾಗಿಯೇ ತೆಗೆದುಕೊಳ್ಳುತ್ತದೆ, ಪೂರ್ತಿ ವೇಗ ಕಾಣುವುದು ಬ್ಯಾಟರಿ ಬೆಚ್ಚಗಿದ್ದು ಶೇ 10ರಿಂದ 40ರ ನಡುವೆ ಇದ್ದಾಗ. ಮನೆಯಲ್ಲಿ ಎಸಿ ಚಾರ್ಜ್ ಸಿಕ್ಕಿಸಿ ತೋರಿಸಿ. ಫಾಸ್ಟ್ ಚಾರ್ಜರಿನ ಪರದೆಯಲ್ಲಿ ಕಿಲೋವ್ಯಾಟ್ ಮತ್ತು ಶೇಕಡಾ ಎರಡೂ ಕಾಣುವ ಫೋಟೋ ಮೊದಲೇ ತೆಗೆದಿಟ್ಟಿದ್ದರೆ ಹೆಚ್ಚಿನವರು ಅಷ್ಟಕ್ಕೇ ಒಪ್ಪುತ್ತಾರೆ.

ಟೆಸ್ಟ್ ಡ್ರೈವ್‌ಗೆ ಮೊದಲು ಲೈಸೆನ್ಸ್ ನೋಡಿ, ನಿಮ್ಮ ವಿಮೆ ಬೇರೆಯವರು ಓಡಿಸಲು ಒಪ್ಪುತ್ತದೆಯೇ ಖಚಿತಪಡಿಸಿಕೊಳ್ಳಿ. ನೀವು ಪಕ್ಕದಲ್ಲೇ ಕೂರಿ. ಎಲೆಕ್ಟ್ರಿಕ್ ಗಾಡಿ ಓಡಿಸಿ ಅಭ್ಯಾಸವಿಲ್ಲದವರು ಮೊದಲ ಸಲ ಪೆಡಲ್ ಒತ್ತಿದಾಗ ಅದು ಜಿಗಿಯುತ್ತದೆ, ಕಾಲು ತೆಗೆದಾಗ ತಾನೇ ನಿಲ್ಲುತ್ತದೆ. ಎರಡಕ್ಕೂ ಅವರು ಬೆಚ್ಚುತ್ತಾರೆ. ಇಕೋ ಮೋಡ್‌ಗೆ, ರೀಜೆನ್ ಕಡಿಮೆ ಮಟ್ಟಕ್ಕೆ ಹಾಕಿ ಖಾಲಿ ಜಾಗದಲ್ಲಿ ಶುರು ಮಾಡಿಸಿ. ಗಾಡಿ ರೆಡಿಯಲ್ಲಿದ್ದರೂ ಸದ್ದಿರುವುದಿಲ್ಲ, ಆದ್ದರಿಂದ ಚಾಲಕರ ಜಾಗ ಬದಲಾಯಿಸುವಾಗ ಪವರ್ ಆಫ್ ಮಾಡಿ, ಕೀಯನ್ನು ಜೇಬಿಗೆ ಹಾಕಿಕೊಂಡೇ ಇಳಿಯಿರಿ. ಎರಡನೇ ಕೀ ಮನೆಯಲ್ಲಿರಲಿ, ಮೇಜಿನ ಮೇಲೆ ಅಲ್ಲ.

ಚೌಕಾಸಿಯಲ್ಲಿ ಬರುವ ಮೊದಲ ಬಾಣ "ನಾಳೆ ಬ್ಯಾಟರಿ ಬದಲಿಸಬೇಕಾದರೆ?" ಇದಕ್ಕೆ ವಾದ ಮಾಡಬೇಡಿ. ವರದಿ, ವಾರಂಟಿ ಮುಗಿಯುವ ದಿನಾಂಕ, ತಳದ ಫೋಟೋ ಮುಂದಿಟ್ಟು ಸುಮ್ಮನಿರಿ. ಟೈರ್, ಗೀಚು, ಬಾಕಿ ಸರ್ವಿಸ್‌ಗೆ ಬೆಲೆ ಇಳಿಸುವುದು ನ್ಯಾಯ. ಬ್ಯಾಟರಿಯ ಕಲ್ಪಿತ ಭಯಕ್ಕೆ ಇಳಿಸುವುದು ಅಲ್ಲ.

ಹಣ, ಕಾಗದ, ಕೀ

ಗಾಡಿ ನೋಡದೆಯೇ ಕೊಳ್ಳುತ್ತೇನೆಂದು ಹೆಚ್ಚು ಹಣದ ಚೆಕ್ ಕಳಿಸಿ ಉಳಿದದ್ದನ್ನು ಸಾಗಣೆಯವರಿಗೆ ಕೊಡಿ ಎನ್ನುವವರು, ಫೋನಿಗೆ ಬಂದ ಕೋಡ್ ಕೇಳುವವರು, ಹಣ ಕಳಿಸಿದ ಸ್ಕ್ರೀನ್‌ಶಾಟ್ ತೋರಿಸಿ ಅವಸರ ಮಾಡುವವರು, ಮೂವರೂ ಒಂದೇ ಗರಡಿಯವರು. ಬ್ಯಾಂಕಿನ ಕೆಲಸದ ಸಮಯದಲ್ಲಿ ವ್ಯವಹಾರ ಇಟ್ಟುಕೊಳ್ಳಿ. ನಿಮ್ಮ ಖಾತೆಯನ್ನು ನೀವೇ ತೆರೆದು ನೋಡಿದಾಗ ಮೊತ್ತ ಜಮೆಯಾಗಿರಬೇಕು, ಮೆಸೇಜ್ ಬಂದರೆ ಸಾಲದು.

ರಸೀದಿ ಎರಡು ಪ್ರತಿ ಮಾಡಿ. ಚಾಸಿ ನಂಬರ್, ಓಡೋಮೀಟರ್, ಮೊತ್ತ, ಬ್ಯಾಟರಿ ವರದಿಯ ದಿನಾಂಕ ಮತ್ತು ಅಂಕಿ, ತಿಳಿಸಿದ ದೋಷಗಳು, ಕೊಟ್ಟ ಕೀ ಮತ್ತು ಕೇಬಲ್‌ಗಳ ಪಟ್ಟಿ ಇರಲಿ. ದಿನಾಂಕದ ಜೊತೆ ಗಂಟೆ ನಿಮಿಷವನ್ನೂ ಬರೆಯಿರಿ, ಅದೇ ಸಂಜೆ ಬೀಳುವ ದಂಡ ಯಾರದ್ದು ಎಂಬ ಜಗಳ ಬರುವುದಿಲ್ಲ. ಮಾಲೀಕತ್ವ ವರ್ಗಾವಣೆಯ ಅರ್ಜಿಯನ್ನು ಕೊಂಡವರ ಕೈಗೆ ಬಿಟ್ಟು ಮರೆಯಬೇಡಿ, ಮಾರಿದ ಸೂಚನೆಯನ್ನು ನೀವೂ ಸಾರಿಗೆ ಇಲಾಖೆಗೆ ಕೊಡಿ.

ಹಣ ಬಂದ ಮೇಲೆ, ಅದಕ್ಕೆ ಮೊದಲಲ್ಲ, ಗಾಡಿಯಿಂದ ನಿಮ್ಮನ್ನು ಅಳಿಸುವ ಕೆಲಸ. ಹಣ ಬರುವವರೆಗೆ ಆ್ಯಪ್ ನಿಮ್ಮ ಕೈಯಲ್ಲಿದ್ದರೆ ಗಾಡಿ ಎಲ್ಲಿದೆ ಎಂದು ಗೊತ್ತಿರುತ್ತದೆ. ಕೊಂಡವರು ಪಕ್ಕದಲ್ಲಿರುವಾಗಲೇ ಮೊದಲು ಕಂಪನಿಯ ಅಕೌಂಟಿನಲ್ಲಿ ಗಾಡಿಯನ್ನು ತೆಗೆಯಿರಿ ಅಥವಾ ವರ್ಗಾಯಿಸಿ, ಆಮೇಲೆ ಗಾಡಿಯ ಪರದೆಯಲ್ಲಿ ಫ್ಯಾಕ್ಟರಿ ರೀಸೆಟ್ ಮಾಡಿ. ಪರದೆಯನ್ನು ರೀಸೆಟ್ ಮಾಡಿ ಅಕೌಂಟ್ ಬಿಟ್ಟರೆ ಹೊಸಬರಿಗೆ ಆ್ಯಪ್ ನೋಂದಣಿ ಆಗುವುದಿಲ್ಲ, ನಿಮ್ಮ ಫೋನಿನಿಂದ ಬಾಗಿಲು ತೆರೆಯುತ್ತಲೇ ಇರುತ್ತದೆ. ಫೋನ್ ಕೀ, ಮನೆಯ ವಿಳಾಸ, ಬ್ಲೂಟೂತ್ ಸಂಪರ್ಕಗಳು, ಗೇಟ್ ತೆರೆಯುವ ಬಟನ್, ಸಂಗೀತದ ಅಕೌಂಟ್, ಡ್ಯಾಶ್‌ಕ್ಯಾಮಿನ ಕಾರ್ಡ್ ಇವನ್ನು ಒಮ್ಮೆ ಕಣ್ಣಾರೆ ನೋಡಿ.

ಕೊಂಡವರು ದೂರದವರಾದರೆ ದಾರಿಯ ಚಾರ್ಜರ್‌ಗಳ ಆ್ಯಪ್‌ಗಳನ್ನು ನಿಮ್ಮ ಮನೆಯಲ್ಲೇ ಹಾಕಿಸಿ, ಒಮ್ಮೆ ಕೇಬಲ್ ಸಿಕ್ಕಿಸಿ ಬಿಡಿಸಿ ತೋರಿಸಿ. ಸಿಕ್ಕಿಬಿದ್ದ ಕೇಬಲನ್ನು ಕೈಯಿಂದ ಬಿಡಿಸುವ ತುರ್ತು ದಾರ ಎಲ್ಲಿದೆ ಎಂದೂ ತೋರಿಸಿ. ಸಾಗಿಸುವುದಾದರೆ ನಾಲ್ಕೂ ಚಕ್ರ ಮೇಲಿರುವಂತೆ ಫ್ಲ್ಯಾಟ್‌ಬೆಡ್ ಮೇಲೆಯೇ. ಡ್ರೈವ್ ಚಕ್ರ ನೆಲದ ಮೇಲಿಟ್ಟು ಎಳೆದರೆ ಮೋಟಾರ್ ತಿರುಗಿ ಕರೆಂಟ್ ಹುಟ್ಟಿ ಮೋಟಾರಿಗೆ ಕರೆಂಟ್ ಕೊಡುವ ಇನ್ವರ್ಟರ್ ಹಾಳಾಗಬಹುದು.

ಎಲ್ಲರೂ ಮರೆಯುವ ಒಂದು ಕೊಂಡಿ ಇದೆ. ಕೆಲವು ಚಾರ್ಜಿಂಗ್ ಜಾಲಗಳು ಕಾರ್ಡ್ ಕೇಳದೆ ಗಾಡಿಯ ಗುರುತಿನಿಂದಲೇ ಹಣ ಕಡಿದುಕೊಳ್ಳುತ್ತವೆ. ಆಟೋಚಾರ್ಜ್ ಅಥವಾ ಪ್ಲಗ್ ಆ್ಯಂಡ್ ಚಾರ್ಜ್ ಒಮ್ಮೆ ಹಾಕಿಸಿದ್ದರೆ ಗಾಡಿ ಮಾರಿದ ಮೇಲೂ ಆ ಗಾಡಿಯ ಚಾರ್ಜಿನ ಬಿಲ್ಲು ನಿಮ್ಮ ಖಾತೆಗೇ ಬರುತ್ತದೆ. ಗಾಡಿಯ ಪರದೆ ರೀಸೆಟ್ ಆದರೂ ಜಾಲದವರ ಕಡೆಯ ನೋಂದಣಿ ಹೋಗದಿರಬಹುದು. ಪ್ರತಿ ಜಾಲದ ಆ್ಯಪ್‌ಗೂ ಹೋಗಿ ಗಾಡಿಯನ್ನು ತೆಗೆದು ಹಾಕಿ, ಟೋಲ್ ಟ್ಯಾಗ್ ರದ್ದು ಮಾಡಿ. ವಿಮೆಯನ್ನು ಮಾತ್ರ ಹೆಸರು ಬದಲಾವಣೆ ದಾಖಲಾಗುವವರೆಗೆ ಹಾಗೇ ಇಟ್ಟು, ಆಮೇಲೆ ರದ್ದತಿಗೆ ಬರೆದು ಉಳಿದ ಅವಧಿಯ ಹಣ ವಾಪಸು ಕೇಳಿ.